ಬಸವನಹುಳು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕೊನೆಯಿಂದ ಎರಡನೇ ಶೆಡ್ಡು.
ಇಲಿಯಾಸಣ್ಣ ತಮಿಳು ಪೇಪರು ಬಿಚ್ಚಿ
ಟೇಬಲ್ಲಿನ ಮೇಲಿಟ್ಟ: ಟರ್ಬೊ.
ಥೇಟು ಬಸವನಹುಳು.
ಅದೇ ಸುರುಳಿ, ಅದೇ ಅಗಲ ಬಾಯಿ,
ಜುಲೈ ಪೂರ್ತಿ ನಮ್ಮ ಬಚ್ಚಲ ಗೋಡೆ ಹತ್ತುವುದರ
ಕಬ್ಬಿಣದ ದೊಡ್ಡಪ್ಪ.

"ನಿಮಿಷಕ್ಕೆ ಒಂದು ಲಕ್ಷ ಸುತ್ತು, ಮೇಡಂ"
ಎಂದ ತಿಪ್ಪೇಶಿ,
ಕೂತು ಎಣಿಸಿದವನ ಹಾಗೆ.

ನನ್ನದು ತೊಂಬತ್ತೊಂಬತ್ತರ ಝೆನ್ನು.
ಹಿಂದಿನ ಸೀಟಿನಲ್ಲಿ ಐಸಿನ ಪೆಟ್ಟಿಗೆ,
ಅದರೊಳಗೆ ಹೊಸಂಗಡಿಯ, ಮಾಸ್ತಿಕಟ್ಟೆಯ, ನಗರದ ರಕ್ತ,
ಹೆಸರು ಅಂಟಿಸಿದ ಸಣ್ಣ ಸೀಸೆಗಳಲ್ಲಿ.
ಐದರೊಳಗೆ ದುರ್ಗಿಗುಡಿಯ ಲ್ಯಾಬು ಮುಟ್ಟಬೇಕು.
ಐದಾದರೆ ಶಟರು.

ಹುಲಿಕಲ್ ಘಾಟಿಯ ಆ ತಿರುವಿನಲ್ಲಿ
ಎರಡನೇ ಗೇರಿಗೆ ಉಬ್ಬಸ, ಒಂದನೇ ಗೇರಿಗೆ ಬರೀ ಕೂಗು.
ಹಿಂದಿದ್ದ ಬಸ್ಸು ಪಕ್ಕಕ್ಕೆ ಬಂತು,
ಡ್ರೈವರು ಕಿಟಕಿಯಿಂದ ಬಗ್ಗಿ
"ಅಕ್ಕಾ, ಇಳಿದು ತಳ್ಳಲಾ?" ಅಂದ.
ಐವತ್ತು ಸೀಟು ನಕ್ಕವು, ನಿಂತವರೂ ನಕ್ಕರು.
ನಾನು ಸ್ಟೀರಿಂಗು ನೋಡಿದೆ.

ನನ್ನ ಉತ್ತರಗಳು ಹುಟ್ಟಿನಿಂದಲೂ ತಡ.
ಜಗಳ ಮುಗಿದು, ಪಾತ್ರೆ ತೊಳೆದು,
ಲೈಟು ಆರಿಸಿದ ಮೇಲೆ ಬರುತ್ತವೆ ಸಾಲಾಗಿ,
ಒಂದಕ್ಕಿಂತ ಒಂದು ಚೂಪು.

"ಇದರಲ್ಲೂ ಒಂದು ತಡ ಇದೆ" ಅಂದ ಇಲಿಯಾಸಣ್ಣ.
"ಕಾಲು ಒತ್ತಿದ ಕೂಡಲೇ ಏನೂ ಆಗಲ್ಲ.
ಇಂಜಿನ್ನು ಬಿಟ್ಟ ಹೊಗೆ ಹೋಗಿ ಚಕ್ರ ತಿರುಗಿಸಬೇಕು,
ಚಕ್ರ ಗಾಳಿ ನುಂಗಿ ವಾಪಸ್ಸು ತುರುಕಬೇಕು,
ಆಮೇಲೆ ಒದೆಯುತ್ತೆ, ಎಮ್ಮೆ ಒದ್ದ ಹಾಗೆ.
ಲ್ಯಾಗ್ ಅಂತಾರೆ."

ಗೊತ್ತು, ಅಂದೆ.

ದೊಡ್ಡ ಬಾಯಿಯದು ಹೈವೇಗೆ,
ತಿರುವಿಗೆ ಸಣ್ಣದು, ಬೇಗ ಎಚ್ಚರಾಗುತ್ತೆ.
ಯಾರದೋ ಮದುವೆ ಕಾಗದದ ಬೆನ್ನಿಗೆ ಬರೆಯುತ್ತಾ ಹೋದ:
ಪಿಸ್ಟನ್ನು, ಹೆಡ್ ಗ್ಯಾಸ್ಕೆಟ್ಟು, ಇಂಟರ್‌ಕೂಲರು,
ಹೊಸ ಇಂಜೆಕ್ಟರು, ಆಯಿಲ್ಲಿನ ಪೈಪು, ಕ್ಲಚ್ಚು
ಕ್ಲಚ್ಚು ಬರೆದು ಎರಡು ಗೆರೆ ಎಳೆದ.
ಕಡೆಗೆ ಮೊತ್ತ.
ಮದುವೆಯೇ ಅಗ್ಗವಿತ್ತು.

ತಡಿ ಒಂಚೂರು, ಎಂದು
ಪ್ಲಗ್ಗುಗಳನ್ನು ಬಿಚ್ಚಿ ಮೀಟರು ಚುಚ್ಚಿದ.
ನಾನು ಕೀಲಿ ತಿರುಗಿಸಿದೆ, ತಿಪ್ಪೇಶಿ ಬರೆದುಕೊಂಡ:
ನೂರ ಎಪ್ಪತ್ತು. ನೂರ ಅರವತ್ತೆಂಟು.
ಮೂರನೆಯದು ನೂರ ಹತ್ತು.
ನಾಲ್ಕನೆಯದು ಮತ್ತೆ ನೂರ ಅರವತ್ತೈದು.

ಮೂರನೆಯದಕ್ಕೆ ಒಂದು ಚಮಚ ಆಯಿಲ್ಲು ಕುಡಿಸಿ
ಮತ್ತೆ ತಿರುಗಿಸು, ಅಂದ.
ಮುಳ್ಳು ನೂರ ಐವತ್ತಕ್ಕೆ ಎದ್ದಿತು.
"ರಿಂಗು" ಅಂದ. ಅಷ್ಟೇ ಅಂದ.

ಇಷ್ಟು ವರ್ಷ ಮೂವರೇ ಎಳೆದಿದ್ದಾರೆ ಘಾಟಿಯನ್ನು,
ನಾಲ್ಕನೆಯವಳು ಹೆಗಲು ಕೊಟ್ಟ ಹಾಗೆ ನಟಿಸಿದ್ದಾಳೆ.
ಬೈಯಲು ಮನಸ್ಸಾಗಲಿಲ್ಲ ನನಗೆ.

ಇಲಿಯಾಸಣ್ಣ ಮುಂದಿನ ಗಾಲಿ ಬಿಚ್ಚಿ
ಬ್ರೇಕಿನ ಪ್ಯಾಡು ಉಗುರಲ್ಲಿ ಕೆರೆದು ತೋರಿಸಿದ,
ಉಗುರಿನಷ್ಟೇ ಉಳಿದಿತ್ತು.
"ಹತ್ತೋದು ಆಮೇಲೆ ನೋಡೋಣ.
ಮೊದಲು ಇಳಿಯೋಕೆ ಕಲಿಸೋಣ ಇದಕ್ಕೆ."

ರಿಂಗಿಗೆ, ಪ್ಯಾಡಿಗೆ, ಕ್ಲಚ್ಚಿಗೆ ಅಡ್ವಾನ್ಸು ಕೊಟ್ಟೆ.
ಬಸವನಹುಳುವಿನ ಬೆನ್ನಿಗೆ ಸೀಮೆಸುಣ್ಣದಲ್ಲಿ
ವನಮಾಲ ಎಂದು ಬರೆದ, ಕೊನೆಯ ದೀರ್ಘ ಬಿಟ್ಟು.
"ಬೇರೆಯವರಿಗೆ ಕೊಡಲ್ಲ. ದೀಪಾವಳಿವರೆಗೆ."

ಕಪಾಟಿಗೆ ಏರುವ ಮೊದಲು
ಅದರ ಬಾಯೊಳಗೆ ಬೆರಳಿಟ್ಟು
ಎಲೆಯಂಥ ರೆಕ್ಕೆಯನ್ನು ಒಮ್ಮೆ ತಟ್ಟಿದೆ.
ತಿರುಗಿತು.
ಬೆರಳು ತೆಗೆದೆ, ಆಗಲೂ ತಿರುಗುತ್ತಿತ್ತು
ಸದ್ದಿಲ್ಲದೆ.
ಆಗ ಬಂತು ನೋಡಿ,
ಹನ್ನೊಂದು ತಿಂಗಳು ಘಾಟಿ ಹತ್ತಿ:

"ಇಳಿಯಣ್ಣ, ತಳ್ಳು.
ನಿನ್ನ ಬಸ್ಸನ್ನ ನಾನು ಮೇಲೆ ತಂದುಕೊಡ್ತೀನಿ."

ಜೋರಾಗಿಯೇ ಅಂದಿರಬೇಕು.
ತಿಪ್ಪೇಶಿ ಸ್ಪ್ಯಾನರು ಕೆಳಗಿಟ್ಟು
"ಯಾರಿಗೆ, ಮೇಡಂ?" ಅಂದ.